ಹಲಗೆಯ ಮೇಲಿನ ಉತ್ತರ

ಅರಸೀಕೆರೆ ರೈಲು ನಿಲ್ದಾಣದಿಂದ ಕೂಗಳತೆಯ ದೂರದಲ್ಲಿದ್ದ ಆ ಮನೆಯಲ್ಲಿ 2006ರ ಒಂದು ಶನಿವಾರ ರಾತ್ರಿ ಊಟದ ಹೊತ್ತಿಗೆ ಮಾತೇ ಇರಲಿಲ್ಲ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದ ಮಗಳು ಸಂಜೆಯ ಗಾಡಿಗೆ ಬಂದಿಳಿದಿದ್ದಳು. ಪ್ರತಿ ಸಲ ಬಂದಾಗಲೂ ಹಾಸ್ಟೆಲಿನ ಸಾರಿನ ಮೇಲೆ ದೂರು ಹೇಳುತ್ತಾ ಎರಡು ಮುದ್ದೆ ಉಣ್ಣುತ್ತಿದ್ದವಳು ಅಂದು ಅರ್ಧ ಮುದ್ದೆಗೇ ಕೈ ತೊಳೆದಳು.

"ಊಟ ಬಿಟ್ರೆ ಆ ಕಂಪ್ಯೂಟ್ರು ಸರಿಹೋಗುತ್ತೇನೆ?" ಎಂದರು ತಾಯಿ. ಏನೋ ಕೆಟ್ಟಿದೆ ಎಂಬುದಷ್ಟೇ ಅವರಿಗೆ ತಿಳಿದದ್ದು.

ಮಗಳು ಉತ್ತರಿಸಲಿಲ್ಲ. ತಂದೆ ತಾಂಬೂಲದ ತಟ್ಟೆ ಎಳೆದುಕೊಂಡು ಕುಳಿತಾಗ, ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದಳು: "ಅಪ್ಪ, ಇದು ನನ್ನ ಕೈಲಾಗೋದಲ್ಲ. ಬಿಟ್ಟುಬಿಡ್ತೀನಿ. ಬಿ.ಎಸ್ಸಿ. ಸೇರ್ತೀನಿ."

ಆಗ ಅವಳು ಮೂರನೆಯ ವರ್ಷದಲ್ಲಿದ್ದಳು. ಎಸ್.ಎಸ್.ಎಲ್.ಸಿ.ವರೆಗೆ ಕನ್ನಡ ಮಾಧ್ಯಮ. ಗಣಿತದಲ್ಲಿ ಚುರುಕು. ತಂದೆ ಅಂಚೆ ಇಲಾಖೆಯ ನೌಕರರು. ರೈಲಿನಲ್ಲಿ ಕಾಗದಪತ್ರ ವಿಂಗಡಿಸುವ ಆರ್.ಎಂ.ಎಸ್. ವಿಭಾಗದಲ್ಲಿ 1970ರಲ್ಲಿ ಸೇರಿದವರು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಮಗಳ ಫೀಸಿಗೆಂದು ಜಿ.ಪಿ.ಎಫ್.ನಿಂದ ಎರಡು ಸಲ ಹಣ ತೆಗೆದಿದ್ದರು. ಅದನ್ನು ಅವರು ಮಗಳಿಗೆ ಹೇಳಿರಲಿಲ್ಲ. ಆದರೆ ಮಗಳಿಗೆ ಗೊತ್ತಿತ್ತು.

ತಂದೆ ಬೈಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ಎಲೆಗೆ ಸುಣ್ಣ ಸವರುತ್ತಾ, "ಏನು ತಪ್ಪಿತು ಅಂತ ಹೇಳು. ನನಗೆ ತಿಳಿಯೋ ಹಾಗೆ ಹೇಳು" ಎಂದರು.

"ನಿಮಗೆ ತಿಳಿಯಲ್ಲಪ್ಪ."

"ತಿಳಿಯದ ಕಡೆ ಕೇಳ್ತೀನಿ. ಅದಕ್ಕೇನು?"

ನಡೆದದ್ದು ಇಷ್ಟು. ನೆಟ್‌ವರ್ಕ್ ಪ್ರಯೋಗಾಲಯದಲ್ಲಿ ಸಿ ಭಾಷೆಯ ಹನ್ನೆರಡು ಪ್ರೋಗ್ರಾಮುಗಳನ್ನು ಬರೆದು ರೆಕಾರ್ಡ್ ಪುಸ್ತಕದಲ್ಲಿ ತೋರಿಸಬೇಕಿತ್ತು. ಹಿರಿಯ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳು ಹಾಸ್ಟೆಲಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ಅವಳೂ ಎಲ್ಲರಂತೆ ಹನ್ನೆರಡನ್ನೂ ಬಾಯಿಪಾಠ ಮಾಡಿದಳು. ಟೈಪು ಮಾಡಿದರೆ ಕೆಲಸವೂ ಮಾಡುತ್ತಿದ್ದವು. ಬುಧವಾರ ಪರೀಕ್ಷೆ. ಅದಕ್ಕೆ ಮುಂಚಿನ ತಾಲೀಮಿನಲ್ಲಿ ಅಧ್ಯಾಪಕರು ಏಳನೆಯ ಪ್ರೋಗ್ರಾಮಿನಲ್ಲಿ ಒಂದೇ ಒಂದು ಬದಲಾವಣೆ ಮಾಡಿದರು. ಒಂದು ಹೆಸರಿನ ಬದಲು ಎರಡು ಹೆಸರು ಕೇಳಿ, ಎರಡರ ನಂಬರನ್ನೂ ಕೊನೆಯಲ್ಲಿ ಒಟ್ಟಿಗೆ ತೋರಿಸಿ ಎಂದರು. ಅವಳ ಪರದೆಯ ಮೇಲೆ ಒಂದೇ ಹೆಸರು, ಒಂದೇ ನಂಬರು, ಎರಡು ಸಲ ಬಂದವು. ಯಾಕೆ ಹೀಗಾಯಿತು ಎಂದು ಅಧ್ಯಾಪಕರು ಕೇಳಿದಾಗ ಅವಳ ಬಾಯಿಂದ ಒಂದು ಮಾತೂ ಹೊರಡಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು.

"ಹೆಸರು ಕೊಟ್ಟರೆ ನಂಬರು ಕೊಡೋದು. ಅಷ್ಟೇ ತಾನೆ ಆ ಪ್ರೋಗ್ರಾಮಿನ ಕೆಲಸ?" ಎಂದರು ತಂದೆ.

"ಹೂಂ. ಕಂಪ್ಯೂಟರಿಗೆ ಹೆಸರು ಗೊತ್ತಾಗಲ್ಲ, ನಂಬರು ಬೇಕು. ನಮಗೆ ನಂಬರು ನೆನಪಿರಲ್ಲ, ಹೆಸರು ಬೇಕು. ನಡುವೆ ಒಂದು ಪಟ್ಟಿ ಇರುತ್ತೆ."

ತಂದೆಯ ಮುಖ ಅರಳಿತು. ಆ ಪಟ್ಟಿ ಅವರಿಗೆ ಗೊತ್ತಿದ್ದದ್ದೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಓಡುವ ಗಾಡಿಯ ಅಂಚೆ ಡಬ್ಬಿಯಲ್ಲಿ ನಿಂತುಕೊಂಡು, ಒಂದೊಂದು ಲಕೋಟೆಯ ಮೇಲಿನ ಊರಿನ ಹೆಸರನ್ನು ಓದಿ ಸರಿಯಾದ ಗೂಡಿಗೆ ಎಸೆಯುತ್ತಿದ್ದವರು ಅವರು. ಒಂದೇ ಹೆಸರಿನ ಊರು ಎರಡು ಜಿಲ್ಲೆಯಲ್ಲಿರುತ್ತಿತ್ತು. ಒಂದೇ ಊರನ್ನು ನಾಲ್ಕು ಜನ ನಾಲ್ಕು ಬಗೆಯಾಗಿ ಬರೆಯುತ್ತಿದ್ದರು. 1972ರ ಆಗಸ್ಟ್ 15ರಂದು ದೇಶದಲ್ಲಿ ಪಿನ್ ಕೋಡ್ ಜಾರಿಗೆ ಬಂತು. ಆರು ಅಂಕಿ. ಮೊದಲ ಅಂಕಿ ವಲಯ. ಕರ್ನಾಟಕದ್ದು 5ರಿಂದ ಆರಂಭ. ಮೊದಲ ಮೂರು ಅಂಕಿ ಸೇರಿದರೆ ವಿಂಗಡಣೆಯ ಜಿಲ್ಲೆ. ಕೊನೆಯ ಮೂರು, ಬಟವಾಡೆ ಮಾಡುವ ಅಂಚೆ ಕಚೇರಿ. ಅರಸೀಕೆರೆ 573103.

"573 ನೋಡಿದರೆ ಸಾಕಿತ್ತು ನಮಗೆ. ಹಾಸನದ ಕಡೆಯ ಚೀಲ. ಯಾವ ಬೀದಿ, ಯಾವ ಮನೆ ಅನ್ನೋದೆಲ್ಲ ಆಮೇಲಿನವರ ಕೆಲಸ" ಎಂದರು.

ಮಗಳು ಮೊದಲ ಸಲ ಗೋಡೆಯಿಂದ ಮುಖ ತಿರುಗಿಸಿದಳು. "ಇದೂ ಹಾಗೇ ಅಪ್ಪ. ಕಂಪ್ಯೂಟರಿನ ವಿಳಾಸದಲ್ಲಿ ಮುಂದಿನ ಭಾಗ ನೆಟ್‌ವರ್ಕಿನದು, ಹಿಂದಿನ ಭಾಗ ಆ ಒಂದು ಯಂತ್ರದ್ದು. ಈ ಪ್ರೋಗ್ರಾಮು ಕೇಳೋದು ನೆಟ್‌ವರ್ಕಿನ ನಂಬರು ಮಾತ್ರ. ನಿಮ್ಮ 573 ಇದ್ದ ಹಾಗೆ."

ಹೆಸರಿಗೆ ನಂಬರು ಹುಡುಕುವ ಈ ಕೆಲಸಕ್ಕೆ ಅಮೆರಿಕದಲ್ಲಿ ಒಂದು ಸ್ವಾರಸ್ಯದ ಚರಿತ್ರೆಯಿದೆ. ಇಂದಿನ ಇಂಟರ್‌ನೆಟ್ಟಿನ ಪೂರ್ವಜ ಆರ್ಪಾನೆಟ್ 1969ರಲ್ಲಿ ನಾಲ್ಕು ಕೇಂದ್ರಗಳೊಡನೆ ಆರಂಭವಾಯಿತು. ನಾಲ್ಕೇ ಇದ್ದಾಗ ನಂಬರು ನೆನಪಿಡುವುದು ಕಷ್ಟವಲ್ಲ. ಯಂತ್ರಗಳು ಹೆಚ್ಚಿದಂತೆ ಯಾವ ಹೆಸರಿಗೆ ಯಾವ ನಂಬರು ಎಂದು ಬರೆದಿಡಲು ಒಬ್ಬರು ಬೇಕಾದರು. ಕ್ಯಾಲಿಫೋರ್ನಿಯಾದ ಮೆನ್ಲೋ ಪಾರ್ಕಿನಲ್ಲಿದ್ದ ಸ್ಟ್ಯಾನ್‌ಫರ್ಡ್ ರಿಸರ್ಚ್ ಇನ್‌ಸ್ಟಿಟ್ಯೂಟಿನ ಮಾಹಿತಿ ಕೇಂದ್ರ ಆ ಭಾರ ಹೊತ್ತಿತು. ಅದರ ಮುಖ್ಯಸ್ಥೆ ಎಲಿಜಬೆತ್ ಫೈನ್ಲರ್. ಆಕೆ ಓದಿದ್ದು ಕಂಪ್ಯೂಟರ್ ವಿಜ್ಞಾನವನ್ನಲ್ಲ, ರಸಾಯನಶಾಸ್ತ್ರವನ್ನು. ತನ್ನ ಮನೆತನದಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು. ಜೀವರಸಾಯನಶಾಸ್ತ್ರದಲ್ಲಿ ಪಿ.ಎಚ್‌ಡಿ. ಮಾಡುತ್ತಿದ್ದಾಗ, ಸ್ವಲ್ಪ ಹಣ ಸಂಪಾದಿಸೋಣವೆಂದು ಜಗತ್ತಿನ ರಾಸಾಯನಿಕಗಳಿಗೆಲ್ಲ ಸೂಚಿ ತಯಾರಿಸುವ ಸಂಸ್ಥೆಯೊಂದರಲ್ಲಿ ಕೆಲಸಕ್ಕೆ ಸೇರಿದಳು. ಪಟ್ಟಿ ಮಾಡುವ ವಿದ್ಯೆಯಲ್ಲೇ ನೆಲೆಗೊಂಡಳು. ಹೊಸ ಯಂತ್ರ ಜಾಲಕ್ಕೆ ಸೇರಬೇಕಾದರೆ ಅಲ್ಲಿಗೆ ಫೋನು ಮಾಡಿ ಹೆಸರು ಬರೆಸಬೇಕಾಗಿತ್ತು, ಅದೂ ಕಚೇರಿಯ ವೇಳೆಯಲ್ಲಿ. ಆ ಪಟ್ಟಿಯನ್ನು ಎಲ್ಲ ಕೇಂದ್ರಗಳವರೂ ಆಗಾಗ ತರಿಸಿಕೊಂಡು ತಮ್ಮ ಯಂತ್ರದಲ್ಲಿ ಪ್ರತಿ ಇಟ್ಟುಕೊಳ್ಳುತ್ತಿದ್ದರು. ಅದರಲ್ಲಿ ಯಂತ್ರಗಳ ಹೆಸರಿನ ಜೊತೆಗೆ ನೆಟ್‌ವರ್ಕುಗಳ ಹೆಸರೂ ಇರುತ್ತಿದ್ದವು. ಆರ್ಪಾನೆಟ್ಟಿನ ನೆಟ್‌ವರ್ಕ್ ನಂಬರು 10.

1983ರಲ್ಲಿ ಬರ್ಕ್ಲಿಯ ವಿಶ್ವವಿದ್ಯಾಲಯದಿಂದ ಯೂನಿಕ್ಸಿನ ಒಂದು ಆವೃತ್ತಿ ಹೊರಬಂತು, ಹೆಸರು 4.2 ಬಿಎಸ್‌ಡಿ. ಆ ದೊಡ್ಡ ಪಟ್ಟಿಯನ್ನು ಒಡೆದು, ಯಂತ್ರಗಳಿಗೆ ಒಂದು ಫೈಲು, ನೆಟ್‌ವರ್ಕುಗಳಿಗೆ ಇನ್ನೊಂದು ಫೈಲು ಮಾಡುವ ಸಾಧನ ಅದರಲ್ಲಿತ್ತು. ಆ ಫೈಲುಗಳನ್ನು ಸಿ ಪ್ರೋಗ್ರಾಮಿನಿಂದ ಓದಲು ಸಿದ್ಧ ಫಂಕ್ಷನ್ನುಗಳನ್ನೂ ಅದರಲ್ಲೇ ಕೊಟ್ಟಿದ್ದರು. ನೆಟ್‌ವರ್ಕಿನ ಪಟ್ಟಿಗೆ ಐದು ಫಂಕ್ಷನ್ನುಗಳು. ಹುಡುಗಿಯ ಏಳನೆಯ ಪ್ರೋಗ್ರಾಮು ಇವುಗಳನ್ನೇ ಕುರಿತದ್ದು.

ಪಟ್ಟಿ ಇರುವ ಫೈಲಿನ ಹೆಸರು ನೆಟ್‌ವರ್ಕ್ಸ್. ಸಾಲಿಗೊಂದು ದಾಖಲೆ. ಮೊದಲು ಹೆಸರು, ಆಮೇಲೆ ನಂಬರು, ಕೊನೆಗೆ ಅಡ್ಡಹೆಸರುಗಳಿದ್ದರೆ ಅವು. ಸೆಟ್‌ನೆಟ್‌ಎಂಟ್ ಎಂಬ ಫಂಕ್ಷನ್ ಈ ಫೈಲನ್ನು ತೆರೆದು ಮೊದಲ ಸಾಲಿಗೆ ತಂದು ನಿಲ್ಲಿಸುತ್ತದೆ. ಗೆಟ್‌ನೆಟ್‌ಎಂಟ್ ಎಂದು ಪ್ರತಿ ಸಲ ಕರೆದಾಗಲೂ ಮುಂದಿನ ಒಂದು ಸಾಲನ್ನು ಓದಿಕೊಡುತ್ತದೆ. ಸಾಲು ಮುಗಿದರೆ ಬರಿಗೈ ತೋರಿಸುತ್ತದೆ. ಎಂಡ್‌ನೆಟ್‌ಎಂಟ್ ಫೈಲನ್ನು ಮುಚ್ಚುತ್ತದೆ. ಗೆಟ್‌ನೆಟ್‌ಬೈನೇಮ್‌ಗೆ ಹೆಸರು ಕೊಟ್ಟರೆ ಅದೇ ಪಟ್ಟಿಯನ್ನು ಹುಡುಕಿ ಆ ಹೆಸರಿನ ದಾಖಲೆ ತರುತ್ತದೆ. ಗೆಟ್‌ನೆಟ್‌ಬೈಅಡ್ರ್ ಇದರ ತಿರುವು: ನಂಬರು ಕೊಟ್ಟರೆ ಹೆಸರು. ತಂದ ದಾಖಲೆಯಲ್ಲಿ ನಾಲ್ಕು ಮನೆಗಳಿರುತ್ತವೆ. ಹೆಸರು, ಅಡ್ಡಹೆಸರುಗಳು, ವಿಳಾಸದ ಜಾತಿ, ನಂಬರು.

ಮಗಳು ಇಷ್ಟನ್ನೂ ಹೇಳಿ ಮುಗಿಸುವ ಹೊತ್ತಿಗೆ ತಾಯಿ ಅಡಿಗೆಮನೆ ಒರೆಸಿ ಬಂದು ಬಾಗಿಲ ಬಳಿ ಕುಳಿತಿದ್ದರು. ತಂದೆ ಒಂದು ಪ್ರಶ್ನೆ ಕೇಳಿದರು: "ಆ ದಾಖಲೆ ತಂದು ನಿನಗೆ ಎಲ್ಲಿ ಕೊಡುತ್ತೆ?"

"ಎಲ್ಲಿ ಅಂದ್ರೆ?"

"ನಾವು ಚೀಟಿ ಬರೆದು ಕೈಗೆ ಕೊಡ್ತಿದ್ವಿ. ಇದು ಎಲ್ಲಿ ಕೊಡುತ್ತೆ?"

ಅವಳಿಗೆ ಉತ್ತರ ಗೊತ್ತಿರಲಿಲ್ಲ. ರೆಕಾರ್ಡಿನಲ್ಲಿ ಆ ಸಾಲಿನಲ್ಲಿ ಒಂದು ನಕ್ಷತ್ರದ ಗುರುತು ಇತ್ತು, ಅವಳೂ ಹಾಕಿದ್ದಳು. ಅದು ಪಾಯಿಂಟರು ಎಂದು ಗೊತ್ತಿತ್ತು. ಪಾಯಿಂಟರೆಂದರೆ ವಿಳಾಸ ಎಂದೂ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ್ದಳು. ಇಲ್ಲಿ ಅದು ಏನು ಮಾಡುತ್ತಿದೆ ಎಂದು ಮಾತ್ರ ಎಂದೂ ಯೋಚಿಸಿರಲಿಲ್ಲ.

ಕಾಲೇಜಿನ ಎದುರಿನ ಅಂಗಡಿಯಲ್ಲಿ ಮಾಡಿಸಿದ್ದ ಹಳೆಯ ಯೂನಿಕ್ಸ್ ಕೈಪಿಡಿಯ ಜೆರಾಕ್ಸ್ ಪುಟವೊಂದು ಬ್ಯಾಗಿನಲ್ಲಿತ್ತು. ಅದರ ಇಂಗ್ಲಿಷಿಗೆ ಹೆದರಿ ಅವಳು ಓದಿರಲಿಲ್ಲ. ತಂದೆ ಕನ್ನಡಕ ಹಾಕಿಕೊಂಡು ಪುಟವನ್ನು ದೀಪದ ಕೆಳಗೆ ಹಿಡಿದರು. ಮೂವತ್ತಾರು ವರ್ಷ ಇಲಾಖೆಯ ಸುತ್ತೋಲೆಗಳನ್ನು ಓದಿದ್ದ ಮನುಷ್ಯ. ಸುತ್ತೋಲೆಯಲ್ಲಿ ನಿಜವಾದ ವಿಷಯ ಇರುವುದು ಕೊನೆಯ ಟಿಪ್ಪಣಿಯಲ್ಲಿ ಎಂಬುದು ಅವರ ಅನುಭವ. ಆದ್ದರಿಂದ ಪುಟದ ಕೆಳಗಿನಿಂದಲೇ ಓದಲು ಶುರುಮಾಡಿದರು. ಅಲ್ಲಿ 'ದೋಷಗಳು' ಎಂಬ ತಲೆಬರಹದ ಕೆಳಗೆ ಒಂದೇ ಒಂದು ಮಾತಿತ್ತು. ಉತ್ತರವನ್ನೆಲ್ಲ ಒಂದೇ ಗೊತ್ತಾದ ಜಾಗದಲ್ಲಿ ಇಡಲಾಗುತ್ತದೆ, ಉಳಿಸಿಕೊಳ್ಳಬೇಕಾದರೆ ನಕಲು ಮಾಡಿಕೊಳ್ಳಬೇಕು ಎಂಬುದು ಅದರ ತಾತ್ಪರ್ಯ.

"ಇದೇನೋ ನಮ್ಮ ಸ್ಟೇಷನ್ನಿನ ಹಲಗೆ ಇದ್ದ ಹಾಗಿದೆಯಲ್ಲ" ಎಂದರು ತಂದೆ.

ಆಗಿನ ಕಾಲದಲ್ಲಿ ಗಾಡಿ ಎಷ್ಟು ತಡ, ಯಾವ ಪ್ಲಾಟ್‌ಫಾರಂ ಎಂದು ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಇರುವುದು ಒಂದೇ ಹಲಗೆ. ಒಬ್ಬ ಪ್ರಯಾಣಿಕ ಬಂದು ಹುಬ್ಬಳ್ಳಿ ಗಾಡಿ ಎಷ್ಟು ಹೊತ್ತಿಗೆ ಎಂದು ಕೇಳಿದರೆ, ಬರೆದು, 'ಹಲಗೆ ನೋಡಿ' ಎನ್ನುತ್ತಿದ್ದರು. ಆತ ನೋಡದೆ, ಹಲಗೆ ಎಲ್ಲಿದೆ ಎಂಬುದನ್ನಷ್ಟೇ ನೆನಪಿಟ್ಟುಕೊಂಡು ಕಾಫಿ ಕುಡಿಯಲು ಹೋದನೆನ್ನಿ. ಅಷ್ಟರಲ್ಲಿ ಮೈಸೂರು ಗಾಡಿಯವನು ಬರುತ್ತಾನೆ. ಹಲಗೆ ಒರೆಸಿ ಅವನ ಗಾಡಿಯ ಹೊತ್ತು ಬರೆಯುತ್ತಾರೆ. ಹುಬ್ಬಳ್ಳಿಯವನು ತಿರುಗಿ ಬಂದು ಹಲಗೆ ನೋಡಿದರೆ ಏನು ಕಾಣುತ್ತದೆ?

ಮಗಳು ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಎರಡು ಸಲ ಮೈಸೂರು ಗಾಡಿ!

ಪಾಯಿಂಟರನ್ನು ಉಳಿಸಿಕೊಂಡಿದ್ದ ಅವಳು ಉತ್ತರವನ್ನು ಉಳಿಸಿಕೊಂಡಿರಲಿಲ್ಲ. ಉತ್ತರ ಎಲ್ಲಿ ಬರೆದಿದೆ ಎಂಬುದನ್ನು ಮಾತ್ರ ಉಳಿಸಿಕೊಂಡಿದ್ದಳು. ಎರಡನೆಯ ಸಲ ಕೇಳಿದಾಗ ಲೈಬ್ರರಿಯ ದಾಖಲೆ ಅದೇ ಜಾಗದಲ್ಲಿ ಬಂದು ಕುಳಿತು ಲ್ಯಾಬಿನ ದಾಖಲೆಯನ್ನು ಒರೆಸಿಹಾಕಿತ್ತು. ಯಂತ್ರ ಸುಳ್ಳು ಹೇಳಿರಲಿಲ್ಲ. ಹಲಗೆ ನೋಡು ಎಂದಿತ್ತು, ಅಷ್ಟೇ.

ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವಳೇ ಮೆಲ್ಲಗೆ ಹೇಳಿದಳು: "ಅಪ್ಪ, ರೆಕಾರ್ಡೂ ಹಾಗೇ ಮಾಡಿದೀನಿ. ಹನ್ನೆರಡೂ. ಬೇರೆಯವರ ಪುಸ್ತಕದಿಂದ."

ತಂದೆಗೆ ಬೇಸರವಾಯಿತು. ಆದರೆ ಅವರು ಅಂದದ್ದು ಇಷ್ಟೇ: "ಇವತ್ತು ಶನಿವಾರ. ಬುಧವಾರಕ್ಕೆ ಇನ್ನೂ ನಾಲ್ಕು ದಿನ ಇದೆ. ಬಿ.ಎಸ್ಸಿ. ವಿಷಯ ಗುರುವಾರ ಮಾತಾಡೋಣ."

ಭಾನುವಾರವಿಡೀ ಅವಳು ಹಜಾರದ ನೆಲದ ಮೇಲೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹಾಸಿಕೊಂಡು ಕುಳಿತಳು. ಮನೆಯಲ್ಲಿ ಕಂಪ್ಯೂಟರು ಇರಲಿಲ್ಲ. ಅದರಿಂದ ಒಳ್ಳೆಯದೇ ಆಯಿತು. ಪ್ರತಿಯೊಂದು ಸಾಲಿಗೂ ಪೆನ್ಸಿಲಿನಿಂದ ಚೌಕ ಬರೆದು, ಯಾವ ಚೌಕದಲ್ಲಿ ಏನಿದೆ, ಯಾವುದರಿಂದ ಯಾವುದಕ್ಕೆ ಬಾಣ ಎಂದು ತೋರಿಸತೊಡಗಿದಳು. ತಂದೆ ನಡುನಡುವೆ ಬಂದು, "ಈ ಬಾಣ ಎಲ್ಲಿಗೆ ಹೋಗುತ್ತೆ?" ಎನ್ನುತ್ತಿದ್ದರು. ಉತ್ತರ ಹೇಳಲು ಬಾರದ ಕಡೆಯಲ್ಲೆಲ್ಲ ಅವಳು ಹಾಳೆಯ ಅಂಚಿನಲ್ಲಿ ಒಂದು ಪ್ರಶ್ನೆಚಿಹ್ನೆ ಹಾಕಿದಳು. ಸಂಜೆಗೆ ಹದಿನಾಲ್ಕು ಪ್ರಶ್ನೆಚಿಹ್ನೆಗಳಾಗಿದ್ದವು. ಆ ಹಾಳೆಗಳನ್ನು ಸುತ್ತಿಕೊಂಡೇ ಸೋಮವಾರ ಮುಂಜಾನೆಯ ಗಾಡಿ ಹತ್ತಿದಳು.

ಅಂದು ಮಧ್ಯಾಹ್ನ ಲ್ಯಾಬಿನಲ್ಲಿ ತಿದ್ದಿದ ಪ್ರೋಗ್ರಾಮನ್ನು ಓಡಿಸಿದಳು. ಪಾಯಿಂಟರಿನ ಬದಲು, ಇಡೀ ದಾಖಲೆಯನ್ನು ತನ್ನದೇ ಒಂದು ಚೌಕಕ್ಕೆ ನಕಲು ಮಾಡಿಕೊಂಡಿದ್ದಳು. ಈ ಸಲ ನಂಬರುಗಳು ಬೇರೆ ಬೇರೆ ಬಂದವು. ಆದರೆ ಹೆಸರು ಮಾತ್ರ ಎರಡು ಕಡೆಯೂ ಲೈಬ್ರರಿಯೇ! ಹಿಂದಿನ ವಾರವಾಗಿದ್ದರೆ ಅತ್ತುಬಿಡುತ್ತಿದ್ದಳು. ಈಗ ಕ್ಯಾಲೆಂಡರಿನ ಹಾಳೆ ಬಿಚ್ಚಿದಳು. ದಾಖಲೆಯ ನಾಲ್ಕು ಮನೆಗಳಲ್ಲಿ ನಂಬರಿನ ಮನೆಯಲ್ಲಿ ನಂಬರೇ ಇತ್ತು; ಹೆಸರಿನ ಮನೆಯಲ್ಲಿ ಹೆಸರಿರಲಿಲ್ಲ, ಹೆಸರು ಬರೆದಿರುವ ಜಾಗಕ್ಕೆ ಇನ್ನೊಂದು ಬಾಣವಿತ್ತು. ಆ ಬಾಣ ಮತ್ತೆ ಅದೇ ಹಲಗೆಗೆ ಹೋಗಿತ್ತು. ಅವಳ ನಕಲು ಅರ್ಧ ನಕಲು. ಹೆಸರಿನ ಅಕ್ಷರಗಳನ್ನೂ ಬೇರೆ ಜಾಗದಲ್ಲಿ ಬರೆದುಕೊಂಡಳು. ಲ್ಯಾಬು ಲ್ಯಾಬಾಯಿತು, ಲೈಬ್ರರಿ ಲೈಬ್ರರಿಯಾಯಿತು.

ಇನ್ನೂ ಒಂದು ತೊಡಕು ಉಳಿದಿತ್ತು. ಲ್ಯಾಬಿನ ನೆಟ್‌ವರ್ಕ್ ನಂಬರು ಫೈಲಿನಲ್ಲಿ 10.0.0.0 ಎಂದಿತ್ತು. ಅದನ್ನು ಅಂಕಿ-ಚುಕ್ಕೆಗಳ ರೂಪದಲ್ಲಿ ತೋರಿಸಲು ಹೋದರೆ ಪರದೆಯ ಮೇಲೆ 0.0.0.10 ಎಂದು ಹಿಂದುಮುಂದಾಗಿ ಬರುತ್ತಿತ್ತು. ಇದಕ್ಕೆ ಕಾರಣ ಯಂತ್ರದ ಅಭ್ಯಾಸ. ಒಂದು ದೊಡ್ಡ ಸಂಖ್ಯೆಯನ್ನು ನಾಲ್ಕು ಬೈಟುಗಳಲ್ಲಿ ಇಡುವಾಗ ಇಂಟೆಲ್ ಮಾದರಿಯ ಯಂತ್ರಗಳು ಚಿಕ್ಕ ತುದಿಯನ್ನು ಮೊದಲು ಇಡುತ್ತವೆ. ನೆಟ್‌ವರ್ಕಿನ ನಿಯಮ ದೊಡ್ಡ ತುದಿ ಮೊದಲು ಎಂದು. ನಮ್ಮವರು ತಾರೀಖನ್ನು ದಿನ, ತಿಂಗಳು, ವರ್ಷ ಎಂದು ಬರೆದರೆ ಅಮೆರಿಕದವರು ತಿಂಗಳನ್ನು ಮೊದಲು ಬರೆಯುವಂತೆ. ಎರಡೂ ತಪ್ಪಲ್ಲ, ಆದರೆ ಯಾರ ಕ್ರಮ ಎಂದು ತಿಳಿಯದೆ ಓದಿದರೆ ಮದುವೆಯ ದಿನವೇ ತಪ್ಪಿಹೋದೀತು. ಗೆಟ್‌ನೆಟ್‌ಬೈನೇಮ್ ನಂಬರನ್ನು ಯಂತ್ರದ ಕ್ರಮದಲ್ಲಿ ಕೊಡುತ್ತದೆ. ತೋರಿಸುವ ಫಂಕ್ಷನ್ ನೆಟ್‌ವರ್ಕಿನ ಕ್ರಮದಲ್ಲಿ ಕೇಳುತ್ತದೆ. ನಡುವೆ ಕ್ರಮ ಬದಲಿಸುವ ಎಚ್‌ಟುಎನ್‌ಎಲ್ ಎಂಬ ಇನ್ನೊಂದು ಫಂಕ್ಷನನ್ನು ಸೇರಿಸಿದ ಮೇಲೆ 10.0.0.0 ಸರಿಯಾಗಿ ಕಂಡಿತು.

ಆ 10 ಎಂಬ ನಂಬರಿನ ಕಥೆಯನ್ನು ಅಧ್ಯಾಪಕರು ಅಂದೇ ಅವಳಿಗೆ ಹೇಳಿದರು. ಅದು ಹಿಂದೆ ಆರ್ಪಾನೆಟ್ಟಿನ ನಂಬರು. 1990ರಲ್ಲಿ ಆರ್ಪಾನೆಟ್ ಮುಚ್ಚಿತು. 1990ರ ದಶಕದ ನಡುವೆ ಆ ನಂಬರನ್ನು, ಯಾರು ಬೇಕಾದರೂ ತಮ್ಮ ಕಟ್ಟಡದೊಳಗೆ ಬಳಸಿಕೊಳ್ಳಬಹುದಾದ ಖಾಸಗಿ ನಂಬರೆಂದು ಸಾರಲಾಯಿತು. ಜಗತ್ತಿನ ಸಾವಿರಾರು ಕಾಲೇಜುಗಳಲ್ಲಿ, ಕಚೇರಿಗಳಲ್ಲಿ, ಆಸ್ಪತ್ರೆಗಳಲ್ಲಿ ಈಗ 10ರಿಂದ ಆರಂಭವಾಗುವ ವಿಳಾಸಗಳಿವೆ. ಹಿರಿಯರ ಹೆಸರನ್ನು ಮೊಮ್ಮಕ್ಕಳಿಗೆ ಇಟ್ಟ ಹಾಗೆ.

ಸೋಮವಾರ, ಮಂಗಳವಾರ ಎರಡು ರಾತ್ರಿ ಅವಳು ಉಳಿದ ಹನ್ನೊಂದು ಪ್ರೋಗ್ರಾಮುಗಳಿಗೂ ಚೌಕ, ಬಾಣ ಬರೆದಳು. ಎಲ್ಲವೂ ಮುಗಿಯಲಿಲ್ಲ, ಎಂಟು ಮುಗಿದವು.

ಬುಧವಾರ ಪರೀಕ್ಷೆಗೆ ಹೊರಗಿನಿಂದ ಒಬ್ಬ ಪರೀಕ್ಷಕರು ಬಂದಿದ್ದರು. ಅವಳ ಚೀಟಿಯಲ್ಲಿ ಬಂದದ್ದು ಅವಳು ಓದದೇ ಉಳಿಸಿದ್ದ ಪ್ರೋಗ್ರಾಮಿನದೇ ಒಂದು ರೂಪ. ನೆಟ್‌ವರ್ಕುಗಳ ಬದಲು ಸೇವೆಗಳ ಪಟ್ಟಿ. ಟೆಲ್‌ನೆಟ್, ಎಸ್‌ಎಂಟಿಪಿ ಎಂಬ ಎರಡು ಸೇವೆಗಳ ಹೆಸರು ಕೇಳಿ, ಅವುಗಳ ಪೋರ್ಟ್ ನಂಬರುಗಳನ್ನು ಕೊನೆಯಲ್ಲಿ ಒಟ್ಟಿಗೆ ತೋರಿಸಬೇಕು. ಇದರ ಫಂಕ್ಷನ್ ಗೆಟ್‌ಸರ್ವ್‌ಬೈನೇಮ್. ಅವಳ ಎದೆ ಒಮ್ಮೆ ಧಸಕ್ಕೆಂದಿತು. ಬಾಯಿಪಾಠವೂ ಮರೆತುಹೋಗಿತ್ತು.

ಆದರೆ ಇದು ಅದೇ ವಂಶದ ಫಂಕ್ಷನ್. ಗೆಟ್‌ನೆಟ್‌ಬೈನೇಮ್‌ನ ಜೊತೆಯಲ್ಲೇ ಬಂದದ್ದು. ಇದಕ್ಕೂ ಒಂದೇ ಹಲಗೆ ಇರಬೇಕು ಎಂದುಕೊಂಡಳು. ಮೊದಲ ಉತ್ತರ ಬಂದ ಕೂಡಲೆ ಹೆಸರನ್ನೂ ನಂಬರನ್ನೂ ತನ್ನ ಜಾಗಕ್ಕೆ ಬರೆದುಕೊಂಡು, ಆಮೇಲೆ ಎರಡನೆಯದನ್ನು ಕೇಳಿದಳು. ಓಡಿಸಿದಾಗ ಹೆಸರುಗಳು ಸರಿಯಾಗಿದ್ದವು. ನಂಬರುಗಳು ವಿಚಿತ್ರವಾಗಿದ್ದವು. ಟೆಲ್‌ನೆಟ್ 5888, ಎಸ್‌ಎಂಟಿಪಿ 6400.

ಪರೀಕ್ಷಕರು ಹಿಂದೆ ಬಂದು ನಿಂತರು. "ಟೆಲ್‌ನೆಟ್ಟಿನ ನಂಬರು ಇದೇ ಏನಮ್ಮ?"

"ಇಲ್ಲ ಸರ್, 23."

"ಮತ್ತೆ 5888 ಹೇಗೆ ಬಂತು?"

ಅವಳು ಉತ್ತರ ಕೊಡದೆ ಹಾಳೆಯ ಮೇಲೆ ಭಾಗಿಸತೊಡಗಿದಳು. 5888ನ್ನು 256ರಿಂದ ಭಾಗಿಸಿದರೆ 23. 6400ನ್ನು ಭಾಗಿಸಿದರೆ 25. ತಲೆ ಎತ್ತಿದಳು. "ಬೈಟು ಹಿಂದುಮುಂದಾಗಿದೆ ಸರ್. ನೆಟ್‌ವರ್ಕಿನ ಫಂಕ್ಷನ್ನು ಯಂತ್ರದ ಕ್ರಮದಲ್ಲಿ ಕೊಟ್ಟಿತ್ತು. ಇದು ನೆಟ್‌ವರ್ಕಿನ ಕ್ರಮದಲ್ಲಿ ಕೊಟ್ಟಿದೆ. ಅಲ್ಲಿ ಬದಲಾಯಿಸಿದ್ದಕ್ಕೆ ಇಲ್ಲಿ ಎದುರು ದಿಕ್ಕಿನಲ್ಲಿ ಬದಲಾಯಿಸಬೇಕು." ಎನ್‌ಟುಎಚ್‌ಎಸ್ ಎಂಬ ಫಂಕ್ಷನ್ ಸೇರಿಸಿದಳು. 23, 25.

"ಮೊದಲ ಉತ್ತರವನ್ನು ಯಾಕೆ ಹಾಗೆ ಬರೆದುಕೊಂಡಿದ್ದೀಯ?"

ಅವಳು ಸ್ಟೇಷನ್ನಿನ ಹಲಗೆಯ ಕಥೆ ಹೇಳಿದಳು, ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕನ್ನಡದಲ್ಲಿ. ಪರೀಕ್ಷಕರು ಏನೂ ಹೇಳಲಿಲ್ಲ. ಗುರುತು ಹಾಕಿಕೊಂಡು ಮುಂದಿನ ಮೇಜಿಗೆ ಹೋದರು.

ಸಂಜೆ ಒಂದು ರೂಪಾಯಿ ನಾಣ್ಯದ ಫೋನಿನಿಂದ ಮನೆಗೆ ಮಾತಾಡಿದಳು. "ಅಪ್ಪ, ಓದು ಬಿಡಲ್ಲ" ಎಂದಳು.

"ಗುರುವಾರ ಇನ್ನೂ ಬಂದಿಲ್ಲವಲ್ಲ" ಎಂದರು ತಂದೆ.

ಆ ಐದು ಫಂಕ್ಷನ್ನುಗಳನ್ನು ಇಂದು ಹೊಸ ಪ್ರೋಗ್ರಾಮುಗಳಲ್ಲಿ ಯಾರೂ ಹೆಚ್ಚಾಗಿ ಬಳಸುವುದಿಲ್ಲ. ಎಲ್ಲರ ಯಂತ್ರದಲ್ಲೂ ಇಡೀ ಪಟ್ಟಿಯ ಪ್ರತಿ ಇಡುವ ಪದ್ಧತಿ ನಡೆಯದಂತಾದಾಗ, ಪಾಲ್ ಮೊಕಾಪೆಟ್ರಿಸ್ 1983ರಲ್ಲೇ ಹೆಸರುಗಳನ್ನು ಹಲವು ಕಡೆ ಹಂಚಿಡುವ ಡಿಎನ್‌ಎಸ್ ವ್ಯವಸ್ಥೆಯನ್ನು ರೂಪಿಸಿದ. 1993ರಲ್ಲಿ ವಿಳಾಸದಲ್ಲಿ ನೆಟ್‌ವರ್ಕಿನ ಭಾಗ ಎಷ್ಟು, ಯಂತ್ರದ ಭಾಗ ಎಷ್ಟು ಎಂಬ ಹಳೆಯ ವಿಂಗಡಣೆಯೇ ಬದಲಾಯಿತು. ಈ ದಾಖಲೆಯ ನಾಲ್ಕು ಮನೆಗಳಲ್ಲಿ ಆ ಹೊಸ ಅಳತೆಯನ್ನು ಬರೆಯಲು ಜಾಗವೇ ಇಲ್ಲ. ಮುಂದೆ ಬಂದ ಗೆಟ್‌ಅಡ್ರ್‌ಇನ್‌ಫೋ ಎಂಬ ಫಂಕ್ಷನ್ ಪ್ರತಿ ಸಲವೂ ಹೊಸ ಚೀಟಿಯಲ್ಲಿ ಉತ್ತರ ಬರೆದುಕೊಡುತ್ತದೆ. ಕೆಲಸ ಮುಗಿದ ಮೇಲೆ ಚೀಟಿ ಹರಿದು ಹಾಕುವ ಹೊಣೆ ಕೇಳಿದವನದು. ಆದರೂ ಲಿನಕ್ಸ್ ಯಂತ್ರಗಳ ಸಿ ಲೈಬ್ರರಿಯಲ್ಲಿ ಆ ಹಳೆಯ ಐವರು ಇದ್ದಾರೆ. ಕೇಳಿದವರಿಗೆ ಉತ್ತರವನ್ನು ಈಗಲೂ ಹಲಗೆಯ ಮೇಲೆಯೇ ಬರೆಯುತ್ತಾರೆ.

ತಂದೆ 2008ರಲ್ಲಿ ನಿವೃತ್ತರಾದರು. ಮನೆಗೆ ತಂದ ಸಾಮಾನುಗಳಲ್ಲಿ ರಟ್ಟಿನ ಹೊದಿಕೆಯ ಒಂದು ನೋಟ್‌ಬುಕ್ಕು ಇತ್ತು. ಕೆಲಸಕ್ಕೆ ಸೇರಿದ ವರ್ಷ ಅಂಚೆ ಕಚೇರಿಗಳ ಹೆಸರು, ಯಾವುದು ಯಾವ ಚೀಲಕ್ಕೆ ಎಂದು ಅವರು ಬರೆದುಕೊಂಡದ್ದು. ಅಚ್ಚಾದ ಪಟ್ಟಿ ಕಚೇರಿಯಲ್ಲಿತ್ತು. "ಅಚ್ಚಿನದು ಇರುವಾಗ ಇದನ್ನ್ಯಾಕೆ ಬರೆದ್ರಿ?" ಎಂದು ಮಗಳು ಕೇಳಿದಳು.

"ಅಚ್ಚಿನದು ಕಪಾಟಿನಲ್ಲಿತ್ತು" ಎಂದರು ತಂದೆ. "ಬರೆದದ್ದು ಮಾತ್ರ ತಲೇಲಿ ಉಳೀತು."

ನೋಟ್‌ಬುಕ್ಕಿನ ಪುಟಪುಟದಲ್ಲೂ ಹೊಡೆದುಹಾಕಿದ ಸಾಲುಗಳಿದ್ದವು. ಮುಚ್ಚಿದ ಕಚೇರಿ, ಹೆಸರು ಬದಲಾದ ಊರು, 1972ರ ನಂತರ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಸೇರಿಸಿದ ಆರು ಅಂಕಿಗಳು. ಹಿಂದಿನ ರಟ್ಟಿನೊಳಗೆ, ನಾಲ್ಕಾಗಿ ಮಡಿಸಿದ ಕ್ಯಾಲೆಂಡರಿನ ಹಾಳೆಯೊಂದು ಸಿಕ್ಕಿತು. ಪೆನ್ಸಿಲಿನ ಚೌಕಗಳು, ಬಾಣಗಳು, ಅಂಚಿನಲ್ಲಿ ಹದಿನಾಲ್ಕು ಪ್ರಶ್ನೆಚಿಹ್ನೆ. ಪರೀಕ್ಷೆ ಮುಗಿದ ಮೇಲೆ ಅವಳು ಮನೆಯಲ್ಲಿ ಬಿಸಾಡಿ ಹೋಗಿದ್ದನ್ನು ತಂದೆ ಎತ್ತಿಟ್ಟಿದ್ದರು. ಹದಿಮೂರು ಪ್ರಶ್ನೆಗಳ ಮುಂದೆ ಅವಳ ಅಕ್ಷರದಲ್ಲೇ ಉತ್ತರಗಳಿದ್ದವು. ಒಂದು ಉಳಿದಿತ್ತು. ಅವಳು ಪೆನ್ಸಿಲು ಕೇಳಿ ಇಸಿದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು.